ಆ್ಯಂಬಿಷಸ್: ಪದವನ್ನು ಬಿಡಿಸುವ, ತೂಗುವ, ಕನ್ನಡಕ್ಕೆ ತರುವ ಬಗೆ

ಇಂಗ್ಲಿಷಿನಲ್ಲಿ ಒಬ್ಬರನ್ನು ‘ಆ್ಯಂಬಿಷಸ್’ ಎಂದು ಕರೆದರೆ ಅದು ಹೊಗಳಿಕೆಯೋ ತೆಗಳಿಕೆಯೋ? ನಿಘಂಟು ತೆರೆದರೆ ‘ಮಹತ್ವಾಕಾಂಕ್ಷೆಯುಳ್ಳ’ ಎಂಬ ಉತ್ತರ ಸಿಕ್ಕಿಬಿಡುತ್ತದೆ. ವಾಕ್ಯದಲ್ಲಿ ಕೂತಾಗ ಮಾತ್ರ ಆ ಪದ ಒಮ್ಮೆ ಬೆನ್ನು ತಟ್ಟುತ್ತದೆ, ಒಮ್ಮೆ ಚುಚ್ಚುತ್ತದೆ, ಇನ್ನೊಮ್ಮೆ ‘ಇದು ಆಗಿಹೋಗುವ ಮಾತಲ್ಲ’ ಎಂದು ನಯವಾಗಿ ತಿಳಿಸುತ್ತದೆ. ಈ ಹೊಯ್ದಾಟ ಆ ಪದಕ್ಕೆ ಹುಟ್ಟಿನಿಂದಲೇ ಅಂಟಿಕೊಂಡಿದೆ. ಎರಡು ಸಾವಿರ ವರ್ಷಗಳ ಹಿಂದೆ ರೋಮ್ ನಗರದ ಬೀದಿಗಳಲ್ಲಿ ಮತ ಕೇಳುತ್ತ ಸುತ್ತುತ್ತಿದ್ದವರ ಓಡಾಟದಿಂದ ಹುಟ್ಟಿದ ಪದವಿದು. ಆ ಓಡಾಟವನ್ನು ನೆನಪಿನಲ್ಲಿಟ್ಟುಕೊಂಡರೆ ಎಲ್ಲಿ ಬಳಸಬೇಕು, ಎಲ್ಲಿ ಕೈಬಿಡಬೇಕು, ಕನ್ನಡದಲ್ಲಿ ಏನೆನ್ನಬೇಕು ಎಂಬುದೆಲ್ಲ ಸಲೀಸಾಗುತ್ತದೆ.

ಉಚ್ಚಾರ ಮತ್ತು ಕಾಗುಣಿತ

ಪದದಲ್ಲಿರುವುದು ಮೂರೇ ಉಚ್ಚಾರಾಂಶ: ಆ್ಯಂ, ಬಿ, ಷಸ್. ಮೊದಲನೆಯದು ‘ಬ್ಯಾಂಕ್’ನಲ್ಲಿ ಬರುವ ಸ್ವರ. ಒತ್ತು ಬೀಳುವುದು ನಡುವಿನ ‘ಬಿ’ ಮೇಲೆ. ಕೊನೆಯ ‘ಷಸ್’ ಬಾಯಿಂದ ಜಾರಿದ ಹಾಗೆ ಹಗುರಾಗಿ ಬರಬೇಕು. ಕನ್ನಡದ ನಾಲಗೆ ಎಲ್ಲ ಅಕ್ಷರಕ್ಕೂ ಸಮನಾದ ತೂಕ ಕೊಡುತ್ತದೆ, ಬರೆದದ್ದನ್ನೆಲ್ಲ ಓದುತ್ತದೆ. ಹಾಗಾಗಿಯೇ ‘ಅಂಬೀಷಿಯಸ್’ ಎಂಬ ನಾಲ್ಕು ತುಂಡಿನ ಉಚ್ಚಾರ ನಮ್ಮಲ್ಲಿ ಮತ್ತೆ ಮತ್ತೆ ಕೇಳಿಸುತ್ತದೆ. ಇದರಲ್ಲಿ ಎದ್ದು ಕಾಣುವ ತಪ್ಪು ಎರಡು: ‘ಬಿ’ ದೀರ್ಘವಲ್ಲ, ‘ಷ’ ಆದಮೇಲೆ ‘ಯ’ ಇಲ್ಲ. ಹತ್ತು ಸಲ ‘ಬಿಷಸ್, ಬಿಷಸ್’ ಎಂದು ಹೇಳಿಕೊಂಡು, ಆಮೇಲೆ ಮುಂದೆ ‘ಆ್ಯಂ’ ಅಂಟಿಸಿ. ಒತ್ತು ತನ್ನ ಜಾಗಕ್ಕೆ ತಾನೇ ಬಂದು ಕೂರುತ್ತದೆ.

ಕಾಗುಣಿತ ಒಂಬತ್ತು ಅಕ್ಷರ: ಎ, ಎಂ, ಬಿ, ಐ, ಟಿ, ಐ, ಓ, ಯು, ಎಸ್. ಎಡವುವುದು ಐದನೆಯ ಅಕ್ಷರದಲ್ಲಿ. ಕಿವಿಗೆ ‘ಷ’ ಎಂದು ಕೇಳುವುದರಿಂದ ‘ಡೆಲಿಷಸ್’, ‘ಸಸ್ಪಿಷಸ್’ ಪದಗಳ ಹಾಗೆ ‘ಸಿ’ ಬರೆಯುವವರು ಬಹಳ ಮಂದಿ. ಅನುಮಾನ ಬಂದಾಗ ಜೊತೆಯ ನಾಮಪದವನ್ನು ನೆನೆಯಿರಿ. ‘ಆ್ಯಂಬಿಷನ್’ನಲ್ಲಿ ‘ಟಿ’ ಇದೆ, ಆದ್ದರಿಂದ ಇಲ್ಲಿಯೂ ‘ಟಿ’. ‘ನ್ಯೂಟ್ರಿಷನ್’, ‘ಕಾಷನ್’, ‘ಇನ್‌ಫೆಕ್ಷನ್’ಗಳಿಗೂ ಇದೇ ಲೆಕ್ಕ. ‘ಸಸ್ಪಿಷನ್’ನಲ್ಲಿ ‘ಸಿ’ ಇರುವುದರಿಂದ ‘ಸಸ್ಪಿಷಸ್’ನಲ್ಲಿಯೂ ‘ಸಿ’.

ಬಾಲದಿಂದ ಬಿಡಿಸಿ

ಪದದ ಮೂಲ ಹುಡುಕುವವರು ಮೊದಲು ತಲೆಗೇ ಕೈ ಹಾಕುತ್ತಾರೆ, ಅಲ್ಲಿಯೇ ದಾರಿ ತಪ್ಪುತ್ತಾರೆ. ‘ಆ್ಯಂಬಿ’ ಎಂದ ತಕ್ಷಣ ಎರಡೂ ಕೈ ಬಳಸುವವರಿಗೆ ಹೇಳುವ ‘ಆ್ಯಂಬಿಡೆಕ್ಸ್‌ಟ್ರಸ್’ ನೆನಪಾಗುತ್ತದೆ. ಹಾಗಾದರೆ ‘ಆ್ಯಂಬಿಷಸ್’ ಎಂದರೆ ಎರಡನ್ನೂ ಬಯಸುವವನು ಎಂದು ಊಹಿಸಿಬಿಡುತ್ತಾರೆ. ಅದು ತಪ್ಪು. ಬಾಲದಿಂದ ಶುರು ಮಾಡಿದರೆ ಈ ಗುಂಡಿಗೆ ಬೀಳುವುದಿಲ್ಲ.

ಕೊನೆಯ ‘ಅಸ್’ ರೋಮನ್ನರ ಭಾಷೆಯಾದ ಲ್ಯಾಟಿನ್ನಿನ ‘ಓಸುಸ್’ ಪ್ರತ್ಯಯ. ತುಂಬಿರುವ, ಅದೇ ಆಗಿರುವ ಎಂದು ಅರ್ಥ. ನಮ್ಮ ‘ದಯಾಮಯ’, ‘ಜಲಮಯ’ಗಳಲ್ಲಿನ ‘ಮಯ’ಕ್ಕೆ ಹತ್ತಿರ. ಅದನ್ನು ಕಿತ್ತರೆ ಉಳಿಯುವುದು ‘ಅಂಬಿತಿಯೋ’ ಎಂಬ ಲ್ಯಾಟಿನ್ ನಾಮಪದ. ಅದರ ಕೊನೆಯ ‘ತಿಯೋ’ ಕ್ರಿಯೆಯನ್ನು ಹೆಸರಾಗಿಸುವ ಪ್ರತ್ಯಯ, ನಾವು ‘ಓಡು’ವಿನಿಂದ ‘ಓಟ’, ‘ಆಡು’ವಿನಿಂದ ‘ಆಟ’ ಮಾಡಿಕೊಳ್ಳುವ ಹಾಗೆ. ಅದನ್ನೂ ತೆಗೆದರೆ ‘ಅಂಬಿರೆ’ ಎಂಬ ಕ್ರಿಯಾಪದ. ಇದರಲ್ಲಿ ಎರಡು ತುಂಡು: ‘ಅಂಬಿ’ ಎಂದರೆ ಸುತ್ತ, ಅತ್ತ ಇತ್ತ, ‘ಇರೆ’ ಎಂದರೆ ಹೋಗು. ಒಟ್ಟಿಗೆ: ಸುತ್ತು ಬಾ, ಸುತ್ತಾಡು. ಈಗ ತಿರುಗಿ ಜೋಡಿಸಿ. ಅಂಬಿರೆ ಎಂದರೆ ಸುತ್ತಾಡು, ಅಂಬಿತಿಯೋ ಎಂದರೆ ಸುತ್ತಾಟ, ಅಂಬಿತಿಯೋಸುಸ್ ಎಂದರೆ ಸುತ್ತಾಟವೇ ತುಂಬಿರುವ. ಇದರಲ್ಲೆಲ್ಲೂ ಆಸೆ, ಕನಸು, ಗುರಿ ಎಂಬ ಮಾತಿಲ್ಲ. ಇರುವುದು ಕಾಲು ಮಾತ್ರ.

‘ಆ್ಯಂಬಿಡೆಕ್ಸ್‌ಟ್ರಸ್’ನಲ್ಲಿರುವುದೂ ಇದೇ ‘ಅಂಬಿ’. ಅಲ್ಲಿ ಅದು ‘ಎರಡೂ ಬದಿ’ ಎಂಬ ಅರ್ಥದಲ್ಲಿ ನಿಂತಿದೆ, ಇಲ್ಲಿ ‘ಸುತ್ತಮುತ್ತ’ ಎಂಬ ಅರ್ಥದಲ್ಲಿ.

ಸುತ್ತಿದ್ದು ಯಾರು, ಯಾಕೆ

ರೋಮ್ ಗಣರಾಜ್ಯದಲ್ಲಿ ಕಾನ್ಸಲ್, ಪ್ರೀಟರ್ ಮೊದಲಾದ ಅಧಿಕಾರಗಳಿಗೆ ವರ್ಷವರ್ಷವೂ ಚುನಾವಣೆ. ಅಧಿಕಾರ ಬೇಕಾದವನು ಜನ ಸೇರುವ ಚೌಕಕ್ಕೆ ಹೋಗಬೇಕು, ಎದುರಾದವರನ್ನು ಹೆಸರು ಹಿಡಿದು ಮಾತಾಡಿಸಬೇಕು, ಕೈ ಹಿಡಿಯಬೇಕು. ಕೈ ಹಿಡಿದು ಕೇಳಿಕೊಳ್ಳುವುದಕ್ಕೇ ‘ಪ್ರೆನ್ಸಾತಿಯೋ’ ಎಂಬ ಬೇರೆ ಹೆಸರಿತ್ತು. ನಮ್ಮಲ್ಲಿ ‘ಅವರಿವರ ಕೈಕಾಲು ಹಿಡಿದು ಟಿಕೆಟ್ ಗಿಟ್ಟಿಸಿದ’ ಎನ್ನುತ್ತೇವಲ್ಲ, ಅದೇ ಚಿತ್ರ. ಎಲ್ಲರ ಹೆಸರೂ ನೆನಪಿರುವುದು ಸಾಧ್ಯವಿಲ್ಲದ್ದರಿಂದ ಪಕ್ಕದಲ್ಲಿ ಒಬ್ಬ ಗುಲಾಮ ನಡೆಯುತ್ತಿದ್ದ. ಬರುವವನ ಹೆಸರನ್ನು ಯಜಮಾನನ ಕಿವಿಯಲ್ಲಿ ಉಸುರುವುದೇ ಅವನ ಕೆಲಸ. ಅವನನ್ನು ‘ನೋಮೆಂಕ್ಲಾತೋರ್’ ಎನ್ನುತ್ತಿದ್ದರು. ವಿಜ್ಞಾನದ ಪಾಠದಲ್ಲಿ ಬರುವ ‘ನಾಮೆನ್‌ಕ್ಲೇಚರ್’ ಅವನ ಕುಲದ್ದು.

ಸುತ್ತಲು ಹೊರಟವನು ಉಡುತ್ತಿದ್ದ ಟೋಗಾ ಬಟ್ಟೆಗೆ ಸುಣ್ಣದಂಥ ಬಿಳಿಮಣ್ಣು ಬಳಿದು ಝಗ್ಗೆನ್ನುವಂತೆ ಮಾಡುತ್ತಿದ್ದರು. ಗುಂಪಿನಲ್ಲಿ ದೂರದಿಂದಲೇ ಕಾಣಬೇಕಲ್ಲ. ಹಾಗೆ ಬೆಳ್ಳಗೆ ಹೊಳೆಯುವವನು ‘ಕಾಂದಿದಾತುಸ್’. ಇಂದಿನ ‘ಕ್ಯಾಂಡಿಡೇಟ್’ ಅದೇ. ಕ್ರಿ.ಪೂ. 432ರಲ್ಲಿ ಅಭ್ಯರ್ಥಿಗಳು ಬಟ್ಟೆಗೆ ಬಿಳುಪು ಸೇರಿಸಬಾರದು ಎಂದು ಕಾಯ್ದೆಯನ್ನೇ ಮಾಡಿದರೆಂದು ಇತಿಹಾಸಕಾರ ಲಿವಿ ಬರೆಯುತ್ತಾನೆ. ಕಾಯ್ದೆ ಉಳಿಯಲಿಲ್ಲ, ಬಿಳಿ ಬಟ್ಟೆ ಉಳಿಯಿತು.

ಸುತ್ತಾಟ ಒಂದು ಮಿತಿಯೊಳಗಿದ್ದರೆ ಅದು ಅಂಬಿತಿಯೋ. ಹಣ, ಊಟ, ಆಮಿಷ ಸೇರಿದರೆ ಅದು ‘ಅಂಬಿತುಸ್’. ಚುನಾವಣಾ ಅಕ್ರಮಕ್ಕೆ ರೋಮನ್ ಕಾನೂನಿನ ಹೆಸರು. ಎರಡೂ ಒಂದೇ ಕ್ರಿಯಾಪದದ ಮಕ್ಕಳು. ಕ್ರಿ.ಪೂ. 358ರ ಪೊಯೆಟೆಲಿಯಸ್ ಕಾಯ್ದೆ ಸಂತೆ, ಜಾತ್ರೆಗಳನ್ನು ಸುತ್ತಿ ಮತ ಕೇಳುವುದಕ್ಕೆ ತಡೆ ಹಾಕಲು ನೋಡಿತು. ಕ್ರಿ.ಪೂ. 63ರಲ್ಲಿ ಕಾನ್ಸಲ್ ಆಗಿದ್ದ ಸಿಸೆರೋ ಅಂಬಿತುಸ್‌ಗೆ ಹತ್ತು ವರ್ಷಗಳ ಗಡಿಪಾರು ಶಿಕ್ಷೆ ತಂದ. ಅದೇ ವರ್ಷ ಮುರೇನಾ ಎಂಬ ಗೆದ್ದ ಅಭ್ಯರ್ಥಿಯ ಮೇಲೆ ಅದೇ ಆರೋಪ ಬಂದಾಗ ಅವನ ಪರವಾಗಿ ವಾದಿಸಿ ಬಿಡಿಸಿದವನೂ ಸಿಸೆರೋನೇ. ಆರೋಪ ಹೊರಿಸಿದವರ ಕಡೆಯಿದ್ದ ಕೇಟೋ ಕಟ್ಟುನಿಟ್ಟಿನ ಮನುಷ್ಯ. ‘ನೀನೂ ಹೆಸರು ಉಸುರುವ ಗುಲಾಮನನ್ನು ಜೊತೆಗಿಟ್ಟುಕೊಂಡಿದ್ದೀಯಲ್ಲ’ ಎಂಬರ್ಥದ ಮಾತಿನಿಂದ ಸಿಸೆರೋ ಅವನನ್ನು ತಿವಿದ.

ಹೀಗೆ ಪದ ಹುಟ್ಟುವಾಗಲೇ ಅದರ ಒಂದು ಕಾಲು ಗೌರವದ ಕಡೆ, ಇನ್ನೊಂದು ಕಾಲು ಅಪರಾಧದ ಕಡೆ ಇತ್ತು. ಆ ಕಾಲದ ಇತಿಹಾಸಕಾರ ಸಾಲುಸ್ಟ್ ಇದನ್ನು ಸರಿಯಾಗಿ ಹಿಡಿದಿದ್ದಾನೆ: ಅಂಬಿತಿಯೋ ದುರ್ಗುಣವೇ ಹೌದು, ಆದರೆ ದುರಾಸೆಗಿಂತ ಸದ್ಗುಣಕ್ಕೆ ಹತ್ತಿರವಾದ ದುರ್ಗುಣ ಎನ್ನುತ್ತಾನೆ. ಇವತ್ತಿನ ಇಂಗ್ಲಿಷ್ ಬಳಕೆಗೂ ಇದಕ್ಕಿಂತ ಒಳ್ಳೆಯ ಅಳತೆಗೋಲು ಸಿಗುವುದು ಕಷ್ಟ.

ಲ್ಯಾಟಿನ್ ಕವಿಗಳು ಪದವನ್ನು ಇನ್ನೂ ಎರಡು ಕಡೆ ಎಳೆದರು. ಹೊರೇಸ್ ಒಂದು ಕಡೆ ಮರಕ್ಕೆ ಸುತ್ತಿಕೊಳ್ಳುವ ಬಳ್ಳಿಗಿಂತ ಹೆಚ್ಚಾಗಿ ತಬ್ಬಿಕೊಂಡವಳನ್ನು ಬಣ್ಣಿಸಲು ಇದೇ ವಿಶೇಷಣ ಬಳಸುತ್ತಾನೆ. ಅಲ್ಲಿ ‘ಸುತ್ತು’ ಅಕ್ಷರಶಃ ಸುತ್ತೇ. ಇನ್ನೊಂದು ಕಡೆ ಬರಹದಲ್ಲಿನ ಮೆರೆದಾಟದ ಅಲಂಕಾರಗಳಿಗೂ ಇದೇ ಪದ ಹಚ್ಚಿ, ಒಳ್ಳೆಯ ವಿಮರ್ಶಕ ಅವನ್ನು ಕತ್ತರಿಸಿಹಾಕುತ್ತಾನೆ ಎನ್ನುತ್ತಾನೆ. ಅತಿ ಅಲಂಕಾರದ ಗದ್ಯವನ್ನು ಕಂಡು ಇಂಗ್ಲಿಷ್ ವಿಮರ್ಶಕರು ಈಗಲೂ ‘ಆ್ಯಂಬಿಷಸ್’ ಎಂದು ಹುಬ್ಬೇರಿಸುವಾಗ ಆ ಹಳೆಯ ಛಾಯೆ ಇಣುಕುತ್ತದೆ.

ಸಂಸ್ಕೃತದ ಕಡೆಯ ನೆಂಟರು

ಕನ್ನಡ ಓದುಗರಿಗೆ ಈ ಮೂಲವನ್ನು ಮರೆಯದ ಹಾಗೆ ನೆನಪಿಡಲು ಒಂದು ಸುಲಭದ ದಾರಿಯಿದೆ. ಲ್ಯಾಟಿನ್ನಿನ ‘ಇರೆ’ ಮತ್ತು ಸಂಸ್ಕೃತದ ‘ಇ’ ಧಾತು ಒಂದೇ ಬೇರಿನವು. ಸಂಸ್ಕೃತ ಧಾತುಗಳ ಪಟ್ಟಿಯಾದ ಧಾತುಪಾಠದಲ್ಲಿ ‘ಇಣ್ ಗತೌ’ ಎಂದು ಬರುವ ಧಾತು ಇದು. ಹೋಗುವುದು ಎಂದು ಅರ್ಥ. ಅದರ ಮಕ್ಕಳು ನಮ್ಮ ದಿನದ ಮಾತಿನಲ್ಲೇ ಇದ್ದಾರೆ: ಮೇಲೆ ಬರುವುದು ಉದಯ, ದಾಟಿ ಹೋದದ್ದು ಅತೀತ, ಒಟ್ಟಿಗೆ ಬಂದು ಸೇರುವುದು ಸಮಿತಿ, ಸೂರ್ಯನ ನಡೆ ಅಯನ, ಹೊರಟುಹೋದವನು ಪ್ರೇತ. ಹಾಗೆಯೇ ‘ಅಂಬಿ’ಗೆ ಸಂಸ್ಕೃತದ ‘ಅಭಿತಃ’ ನೆಂಟ. ದ್ವಿತೀಯಾ ವಿಭಕ್ತಿ ಬೇಡುವ ಅವ್ಯಯಗಳ ಪಟ್ಟಿಯಲ್ಲಿ ‘ಅಭಿತಃ, ಪರಿತಃ’ ಎಂದು ಬಾಯಿಪಾಠ ಮಾಡಿದವರಿಗೆ ‘ಎರಡೂ ಬದಿಯಲ್ಲಿ, ಸುತ್ತಲೂ’ ಎಂಬ ಅರ್ಥ ನೆನಪಿರುತ್ತದೆ.

ಆದರೆ ಅಚ್ಚುಕಟ್ಟಾಗಿ ಹೊಂದುವ ಜೋಡಿ ಬೇರೆಯೇ ಇದೆ: ‘ಪರ್ಯಾಯ’. ಪರಿ ಎಂದರೆ ಸುತ್ತ, ಅದರ ಮುಂದೆ ಅದೇ ‘ಇ’ ಧಾತು. ಸುತ್ತಿ ಬರುವುದು, ಸರದಿ ತಿರುಗುವುದು. ಉಡುಪಿಯ ಕೃಷ್ಣಮಠದಲ್ಲಿ ಪೂಜೆಯ ಅಧಿಕಾರ ಎಂಟು ಮಠಗಳ ನಡುವೆ ಎರಡೆರಡು ವರ್ಷಕ್ಕೊಮ್ಮೆ ಸುತ್ತಿ ಬರುವುದಕ್ಕೆ ಪರ್ಯಾಯ ಎನ್ನುವುದು ಇದೇ ಅರ್ಥದಲ್ಲಿ. ರೋಮಿನಲ್ಲಿ ಅಧಿಕಾರಕ್ಕಾಗಿ ಮನುಷ್ಯ ಸುತ್ತಿದ, ಉಡುಪಿಯಲ್ಲಿ ಅಧಿಕಾರವೇ ಸುತ್ತುತ್ತದೆ. ಪದದ ಕಟ್ಟಡ ಒಂದೇ. ‘ಕ್ಯಾಂಡಿಡೇಟ್’ನ ಹೊಳಪಿಗೂ ನಮ್ಮ ‘ಚಂದ್ರ’ನ ಹೊಳಪಿಗೂ ಬೇರು ಒಂದೇ ಎಂಬುದನ್ನು ಇಲ್ಲಿಯೇ ಸೇರಿಸಿಕೊಳ್ಳಿ.

ಇಲ್ಲಿ ಒಂದು ಎಚ್ಚರ ಬೇಕೇ ಬೇಕು. ಲ್ಯಾಟಿನ್ ಪದ ಸಂಸ್ಕೃತದಿಂದ ಹೋದದ್ದಲ್ಲ, ಸಂಸ್ಕೃತದ್ದು ಲ್ಯಾಟಿನ್ನಿನಿಂದ ಬಂದದ್ದೂ ಅಲ್ಲ. ಎರಡಕ್ಕೂ ಹಿಂದೆ ಒಂದು ಹಳೆಯ ಭಾಷೆಯಿತ್ತು. ಅದರ ಬರಹ ಉಳಿದಿಲ್ಲ. ಮಕ್ಕಳನ್ನು ಹೋಲಿಸಿ ತಾಯಿಯ ಮುಖ ಹೇಗಿದ್ದಿರಬೇಕೆಂದು ವಿದ್ವಾಂಸರು ಲೆಕ್ಕ ಹಾಕಿದ್ದಾರೆ. ಅಕ್ಕತಂಗಿಯರನ್ನು ತಾಯಿಮಗಳೆಂದು ಹೇಳಿಬಿಡುವುದು ಪದಮೂಲದ ಬರಹಗಳಲ್ಲಿ ತೀರ ಹರಡಿಕೊಂಡಿರುವ ತಪ್ಪು. ಇನ್ನೊಂದು ತಪ್ಪು ಬರಿಯ ದನಿ ಕೇಳಿ ಸಂಬಂಧ ಕಟ್ಟುವುದು. ‘ಅಂಬಿತಿಯೋ’ದ ‘ಅಂಬಿ’ಗೂ ಕನ್ನಡದ ‘ಅಂಬಿಗ’ನಿಗೂ ಏನೇನೂ ಸಂಬಂಧವಿಲ್ಲ. ದನಿ ಹೊಂದಿದರಷ್ಟೇ ಸಾಲದು. ಅರ್ಥ ಹೊಂದಬೇಕು, ಆ ದನಿ ಅದೇ ಭಾಷೆಗಳ ಬೇರೆ ಪದಗಳಲ್ಲೂ ಅದೇ ರೀತಿ ಬದಲಾಗಿರಬೇಕು.

ಇಂಗ್ಲಿಷಿಗೆ ಬಂದ ಮೇಲೆ

ಲ್ಯಾಟಿನ್ನಿನಿಂದ ಹಳೆಯ ಫ್ರೆಂಚ್, ಅಲ್ಲಿಂದ ಇಂಗ್ಲಿಷ್. 14ನೆಯ ಶತಮಾನದ ಇಂಗ್ಲಿಷ್ ಬರಹಗಳಲ್ಲಿ ಮೊದಲು ನಾಮಪದ, ಶತಮಾನದ ಕೊನೆಯ ಹೊತ್ತಿಗೆ ವಿಶೇಷಣ ಕಾಣಿಸಿಕೊಳ್ಳುತ್ತದೆ. ಬಂದದ್ದು ಪಾದ್ರಿಗಳ ಬರಹದ ಮೂಲಕ. ಹಾಗಾಗಿ ಕಾಲಿನ ಓಡಾಟ ದಾರಿಯಲ್ಲೇ ಉದುರಿ, ಮಾನಮರ್ಯಾದೆ ಪದವಿಗಳಿಗಾಗಿ ಹಾತೊರೆಯುವ ಪಾಪ ಎಂಬ ಅರ್ಥ ಮುಂದೆ ಬಂತು. ಅಹಂಕಾರದ ತಂಗಿಯ ಹಾಗೆ ಅದನ್ನು ಕಂಡರು.

ಆ ಕಾಲದಿಂದ ಬಂದ ಕಹಿ ಎಷ್ಟಿತ್ತೆಂದು ತಿಳಿಯಲು ಶೇಕ್ಸ್‌ಪಿಯರನ ‘ಜೂಲಿಯಸ್ ಸೀಸರ್’ ನಾಟಕದ ಮೂರನೆಯ ಅಂಕ ಸಾಕು. ಸೀಸರ್‌ನನ್ನು ಕೊಂದದ್ದಕ್ಕೆ ಬ್ರೂಟಸ್ ಕೊಡುವ ಕಾರಣ ಈ ಒಂದೇ ವಿಶೇಷಣ. ಆಮೇಲೆ ಮಾತಾಡುವ ಸೀಸರನ ಗೆಳೆಯ ಆ್ಯಂಟನಿ ಅದೇ ಪದವನ್ನು ಮತ್ತೆ ಮತ್ತೆ ಎತ್ತಿ, ಪ್ರತಿ ಸಲವೂ ಒಂದೊಂದು ಪುರಾವೆ ಎದುರಿಟ್ಟು, ಪದದ ಬುಡವನ್ನೇ ಅಲ್ಲಾಡಿಸುತ್ತಾನೆ. ಇವತ್ತಿನ ಕೆಲಸದ ಜಾಹೀರಾತಿನ ಅರ್ಥವನ್ನು ಆ ಸಾಲುಗಳಿಗೆ ಹಚ್ಚಿ ‘ಸೀಸರ್ ಗುರಿಯುಳ್ಳವನಾಗಿದ್ದ’ ಎಂದು ಓದಿಕೊಂಡರೆ ದೃಶ್ಯ ಪೂರ್ತಿ ಕುಸಿಯುತ್ತದೆ. ಅಲ್ಲಿ ಅದು ‘ಅಧಿಕಾರದಾಹಿ’.

ಮುಂದೆ ಸ್ವಂತ ಶ್ರಮದಿಂದ ಮೇಲೆ ಬರುವುದು ಮೆಚ್ಚುಗೆಯ ಸಂಗತಿಯಾದ ಹಾಗೆ ಪದದ ಬಣ್ಣ ತಿಳಿಯಾಯಿತು. ಮನುಷ್ಯರಿಂದ ಅದು ಯೋಜನೆ, ಕೃತಿ, ಗುರಿಗಳಿಗೂ ಹಬ್ಬಿತು.

ತೂಗುವುದು ಹೇಗೆ

ವಾಕ್ಯದಲ್ಲಿ ಪದ ಕಂಡಾಗ ಮೊದಲು ನೋಡಬೇಕಾದದ್ದು: ಅದು ಮನುಷ್ಯರಿಗೆ ಅಂಟಿದೆಯೋ ವಸ್ತುವಿಗೋ? ವಸ್ತುವಿಗೆ ಅಂಟಿದ್ದರೆ ಆಸೆಯ ಮಾತು ಹಿಂದೆ ಸರಿದು ಕಷ್ಟದ ಮಾತು ಮುಂದೆ ಬರುತ್ತದೆ. ‘ಆ್ಯನ್ ಆ್ಯಂಬಿಷಸ್ ಪ್ಲಾನ್’ ಎಂದರೆ ದೊಡ್ಡದು, ಮಾಡಿದರೆ ಮೆಚ್ಚಬೇಕಾದದ್ದು, ಆದರೆ ಆಗುತ್ತದೆಂಬ ಭರವಸೆ ಇಲ್ಲದ್ದು. ಮುಂದೆ ‘ಅ ಬಿಟ್’, ‘ರಾದರ್’, ‘ಸಮ್‌ವಾಟ್’ ಸೇರಿಕೊಂಡರೆ ಹೇಳುವವರು ಹೆಚ್ಚುಕಡಿಮೆ ಬೇಡವೆಂದೇ ಹೇಳುತ್ತಿದ್ದಾರೆ ಎಂದು ತಿಳಿಯಿರಿ. ಸಂಶೋಧನೆಯ ಮಾರ್ಗದರ್ಶಕರೋ ವಿದೇಶದ ಗ್ರಾಹಕರೋ ‘ಯುವರ್ ಟೈಮ್‌ಲೈನ್ ಈಸ್ ಅ ಬಿಟ್ ಆ್ಯಂಬಿಷಸ್’ ಎಂದು ಬರೆದಾಗ ಧನ್ಯವಾದ ಹೇಳಿ ಸುಮ್ಮನಾಗುವವರು ಆಮೇಲೆ ಪೇಚಿಗೆ ಸಿಕ್ಕುತ್ತಾರೆ. ಅದರ ಅರ್ಥ ‘ಇಷ್ಟು ದಿನದಲ್ಲಿ ಇದು ಮುಗಿಯುವುದಿಲ್ಲ’. ಸರಿಯಾದ ಉತ್ತರವೆಂದರೆ ಯಾವ ಭಾಗ ಕೈಬಿಡಬಹುದು, ಎಷ್ಟು ದಿನ ಹೆಚ್ಚು ಬೇಕು ಎಂದು ಕೇಳುವುದು.

ಮನುಷ್ಯರಿಗೆ ಅಂಟಿದ್ದರೆ ಹೇಳುತ್ತಿರುವವರು ಯಾರೆಂದು ನೋಡಿ. ಕೆಲಸಕ್ಕೆ ಕರೆಯುವವರು, ಶಿಫಾರಸು ಪತ್ರ ಬರೆಯುವವರು ಹೇಳಿದರೆ ಅದು ಗುಣ. ಪಕ್ಕದ ಮೇಜಿನವರು ದನಿ ತಗ್ಗಿಸಿ ಹೇಳಿದರೆ ಅದು ದೂರು. ಜೊತೆಯಲ್ಲಿ ಬರುವ ಪದವೂ ಸುಳಿವು ಕೊಡುತ್ತದೆ: ಪಕ್ಕದಲ್ಲಿ ‘ಹಾರ್ಡ್‌ವರ್ಕಿಂಗ್’, ‘ಟ್ಯಾಲೆಂಟೆಡ್’ ಇದ್ದರೆ ಮೆಚ್ಚುಗೆ, ‘ರೂತ್‌ಲೆಸ್’, ‘ಕ್ಯಾಲ್ಕ್ಯುಲೇಟಿಂಗ್’ ಇದ್ದರೆ ಹಳೆಯ ಕಹಿ. ಇದೇ ಪದ ಗಂಡಸಿಗೆ ಬಿದ್ದಾಗ ಬಿರುದಾಗುತ್ತದೆ, ಹೆಂಗಸಿಗೆ ಬಿದ್ದಾಗ ಎಷ್ಟೋ ಸಲ ಕೊಂಕಾಗುತ್ತದೆ. ಬರೆಯುವವರು ವಾಕ್ಯದಲ್ಲಿ ಹೆಸರು ಬದಲಿಸಿ ಒಮ್ಮೆ ಓದಿಕೊಂಡು, ದನಿ ಬದಲಾಯಿತೆನಿಸಿದರೆ ಪದವನ್ನೇ ಬದಲಿಸುವುದು ನ್ಯಾಯ.

ಪದ ಆದಮೇಲೆ ಬರುವ ಅವ್ಯಯವನ್ನೂ ಬಿಡಬೇಡಿ. ‘ಆ್ಯಂಬಿಷಸ್ ಟು ಸಕ್ಸೀಡ್’ನಲ್ಲಿ ಆಸೆ ತನಗಾಗಿ. ‘ಆ್ಯಂಬಿಷಸ್ ಫಾರ್ ಹರ್ ಸನ್’ನಲ್ಲಿ ಆಸೆ ತಾಯಿಯದು, ಮೇಲೆ ಬರಬೇಕಾದವನು ಮಗ. ಇದನ್ನು ‘ಮಗನ ಸಲುವಾಗಿ ಆಕೆ ಮಹತ್ವಾಕಾಂಕ್ಷಿಯಾದಳು’ ಎಂದು ತಂದರೆ ಆಕೆ ತಾನೇ ಏನೋ ಆಗಹೊರಟಂತೆ ಕೇಳುತ್ತದೆ. ‘ಮಗ ದೊಡ್ಡ ಸ್ಥಾನಕ್ಕೆ ಬರಲೆಂದು ಆಕೆಯ ಹಂಬಲ’ ಎನ್ನಿ. ‘ಆ್ಯಂಬಿಷಸ್ ಆಫ್’ ಹಳೆಯ ಪುಸ್ತಕಗಳಲ್ಲಿ ಮಾತ್ರ ಕಾಣುತ್ತದೆ. ಈಗ ಬರೆದರೆ ತಪ್ಪೆಂದೇ ಕಾಣುತ್ತದೆ.

ಕನ್ನಡಕ್ಕೆ ತರುವಾಗ

ಮೊದಲು ‘ಮಹತ್ವಾಕಾಂಕ್ಷೆ’ಯನ್ನೇ ಬಿಡಿಸಿ ನೋಡೋಣ. ಮಹತ್ವ ಮತ್ತು ಆಕಾಂಕ್ಷೆ ಸೇರಿ ಸವರ್ಣದೀರ್ಘ ಸಂಧಿ. ಆದ್ದರಿಂದ ‘ತ್ವಾ’ ದೀರ್ಘ. ‘ಮಹತ್ವಕಾಂಕ್ಷೆ’ ಎಂದು ಬರೆಯುವುದು ಪತ್ರಿಕೆಗಳಲ್ಲೂ ನುಸುಳುವ ತಪ್ಪು. ‘ಮಹದಾಕಾಂಕ್ಷೆ’ ಬೇರೆ ಪದ: ಅದು ದೊಡ್ಡ ಆಸೆ, ಇದು ದೊಡ್ಡವನಾಗುವ ಆಸೆ. ಊರಿಗೊಂದು ಗ್ರಂಥಾಲಯ ಕಟ್ಟಬೇಕೆಂಬುದು ಮಹದಾಕಾಂಕ್ಷೆ. ಆ ಗ್ರಂಥಾಲಯ ಸಂಘಕ್ಕೆ ತಾನೇ ಅಧ್ಯಕ್ಷನಾಗಬೇಕೆಂಬುದು ಮಹತ್ವಾಕಾಂಕ್ಷೆ. ಇಂಗ್ಲಿಷಿನ ಒಂದು ಪದ ಹೊರುವ ಎರಡು ಹೊರೆಯನ್ನು ನಾವು ಎರಡು ಪದಕ್ಕೆ ಹಂಚಬಹುದಾದ ಕಡೆಯೂ ಒಂದನ್ನೇ ಎಲ್ಲೆಡೆ ಬಳಸುತ್ತಿದ್ದೇವೆ, ಇದು ನಷ್ಟ.

‘ಸರ್ಕಾರದ ಮಹತ್ವಾಕಾಂಕ್ಷಿ ಯೋಜನೆ’ ಎಂಬ ಸುದ್ದಿಮನೆಯ ನುಡಿಗಟ್ಟನ್ನೂ ತಿದ್ದಿಕೊಳ್ಳಬೇಕು. ‘ಆಕಾಂಕ್ಷಿ’ ಎಂದರೆ ಆಕಾಂಕ್ಷೆ ಇರುವವನು ಅಥವಾ ಇರುವವಳು. ಯೋಜನೆಗೆ ಆಸೆಯಿಲ್ಲ, ಆಸೆಯಿರುವುದು ಅದನ್ನು ಮಾಡಿದವರಿಗೆ. ‘ಮಹತ್ವಾಕಾಂಕ್ಷೆಯ ಯೋಜನೆ’ ಎಂದರೆ ವ್ಯಾಕರಣ ನೆಟ್ಟಗಾಗುತ್ತದೆ. ಅಷ್ಟಕ್ಕೂ ಹೇಳಬೇಕಾದದ್ದು ‘ಭಾರಿ ಯೋಜನೆ’ ಅಥವಾ ‘ದೊಡ್ಡ ಗುರಿಯಿಟ್ಟುಕೊಂಡ ಯೋಜನೆ’ ಎಂದಷ್ಟೇ ಆಗಿದ್ದರೆ ಹಾಗೆಯೇ ಹೇಳಿ.

ಇನ್ನೂ ಮುಖ್ಯವಾದದ್ದು ವಾಕ್ಯದ ಕಟ್ಟು. ಇಂಗ್ಲಿಷಿನಲ್ಲಿ ಮನುಷ್ಯ ಕರ್ತೃವಾಗಿ ನಿಂತು ಅವನಿಗೆ ವಿಶೇಷಣ ತೊಡಿಸುತ್ತಾರೆ. ಕನ್ನಡದಲ್ಲಿ ಆಸೆ, ಹಸಿವು, ನೆನಪು ಎಲ್ಲವೂ ‘ಅವನಿಗೆ’ ಬರುತ್ತವೆ, ‘ಅವಳಿಗೆ’ ಇರುತ್ತವೆ. ‘ಅವಳು ತುಂಬ ಮಹತ್ವಾಕಾಂಕ್ಷಿಯಾಗಿದ್ದಾಳೆ’ ಎಂಬುದು ಕನ್ನಡದ ಅಕ್ಷರದಲ್ಲಿ ಬರೆದ ಇಂಗ್ಲಿಷ್. ‘ಅವಳಿಗೆ ಮೇಲೆ ಬರಬೇಕೆಂಬ ಹಂಬಲ ಜೋರಾಗಿದೆ’, ‘ಏನಾದರೂ ಸಾಧಿಸಲೇಬೇಕು ಎಂಬ ಛಲ ಅವಳಿಗೆ’ ಎಂದರೆ ಮಾತು ಉಸಿರಾಡುತ್ತದೆ. ‘ಹೀ ಈಸ್ ನಾಟ್ ಆ್ಯಂಬಿಷಸ್’ ಎಂಬುದನ್ನು ‘ಅವನಿಗೆ ಅಂಥ ಆಸೆಯೇನಿಲ್ಲ, ಇದ್ದುದರಲ್ಲೇ ತೃಪ್ತ’ ಎಂದೋ ‘ಅವನಿಗೆ ಮುಂದೆ ಬರಬೇಕೆಂಬ ಹುರುಪೇ ಇಲ್ಲ’ ಎಂದೋ ತರಬಹುದು. ಮೊದಲನೆಯದು ಮೆಚ್ಚುಗೆ, ಎರಡನೆಯದು ಬೇಸರ. ಯಾವುದು ಬೇಕೆಂದು ಸಂದರ್ಭ ಹೇಳುತ್ತದೆ.

ಬಣ್ಣಕ್ಕೆ ತಕ್ಕ ಪದಗಳು ಬೇಕಾದಷ್ಟಿವೆ. ಮೆಚ್ಚುಗೆಗೆ ಹಂಬಲ, ಛಲ, ಹುರುಪು, ಸಾಧಿಸುವ ತವಕ. ಕಹಿಗೆ ಅಧಿಕಾರದಾಹ, ಪದವಿಮೋಹ, ಕುರ್ಚಿ ಆಸೆ. ‘ದುರಾಸೆ’ ಮಾತ್ರ ಬೇಡ: ಅದು ಹಣ ವಸ್ತುಗಳ ಕಡೆ ವಾಲುತ್ತದೆ, ಸಾಲುಸ್ಟ್ ಬೇರೆ ಮಾಡಿಟ್ಟದ್ದನ್ನು ಮತ್ತೆ ಕಲಸಿದಂತಾಗುತ್ತದೆ. ‘ಓವರ್ ಆ್ಯಂಬಿಷಸ್’ಗೆ ‘ಕೈಗೆ ಮೀರಿದ್ದು’, ‘ಹಾಸಿಗೆ ಮೀರಿ ಕಾಲು ಚಾಚಿದ್ದು’.

ರೋಮಿನ ಸುತ್ತಾಟಕ್ಕೆ ಸಮನಾದ ಪದವೂ ನಮ್ಮಲ್ಲಿದೆ: ‘ಎಡತಾಕು’. ‘ಕೆಲಸಕ್ಕಾಗಿ ಮಂತ್ರಿಗಳ ಮನೆಗೆ ಎಡತಾಕಿದ’ ಎಂದಾಗ ಮತ್ತೆ ಮತ್ತೆ ಹೋಗಿ, ಕಂಡು, ಕೇಳಿ, ಸವೆದ ಹೆಜ್ಜೆಯೆಲ್ಲ ಒಂದೇ ಪದದಲ್ಲಿ ಬರುತ್ತದೆ. ಚುನಾವಣೆಯ ಕಾಲದಲ್ಲಿ ಕನ್ನಡ ಪತ್ರಿಕೆಗಳು ‘ಟಿಕೆಟ್ ಆಕಾಂಕ್ಷಿಗಳು’ ಎಂದು ಬರೆದು, ಅದೇ ಸುದ್ದಿಯಲ್ಲಿ ಅವರು ನಾಯಕರ ಮನೆಗೆ ಎಡತಾಕುತ್ತಿರುವುದನ್ನು ವರದಿ ಮಾಡುತ್ತವೆ. ಆಸೆ ಮತ್ತು ಓಡಾಟ ಎರಡೂ ಅಲ್ಲಿ ಒಟ್ಟಿಗಿವೆ. ಲ್ಯಾಟಿನ್ ಪದದ ಪೂರ್ತಿ ಅರ್ಥಕ್ಕೆ ಇದಕ್ಕಿಂತ ಹತ್ತಿರದ ಕನ್ನಡ ಸಿಗಲಾರದು.

ಅಕ್ಕಪಕ್ಕದ ಪದಗಳು

‘ಆಸ್ಪೈರಿಂಗ್ ಸಿಂಗರ್’ ಇನ್ನೂ ಗಾಯಕಿಯಾಗಿಲ್ಲ, ಆಗಬೇಕೆಂದಿದ್ದಾಳೆ. ‘ಆ್ಯಂಬಿಷಸ್ ಸಿಂಗರ್’ ಈಗಾಗಲೇ ಗಾಯಕಿ, ಇನ್ನೂ ಮೇಲೇರಬೇಕೆಂದಿದ್ದಾಳೆ. ಅರ್ಜಿಯಲ್ಲಿ ಇವೆರಡು ಅದಲುಬದಲಾದರೆ ನಿಮ್ಮ ಅನುಭವವೇ ಅಳಿಸಿಹೋಗುತ್ತದೆ. ‘ಆಸ್ಪೈರ್’ನ ಮೂಲದಲ್ಲಿರುವುದು ಉಸಿರು, ಅದಕ್ಕೆ ಕೊಂಕಿನ ಬಣ್ಣ ಕಡಿಮೆ. ‘ಡ್ರಿವನ್’ ಎಂದರೆ ಒಳಗಿನಿಂದ ಯಾವುದೋ ಅಟ್ಟುತ್ತಿದೆ, ಪದವಿಯ ಆಸೆ ಇರಲೇಬೇಕೆಂದಿಲ್ಲ. ‘ಪುಶಿ’ ಬರಿಯ ತೆಗಳಿಕೆ. ‘ಎಂಟರ್‌ಪ್ರೈಸಿಂಗ್’ನಲ್ಲಿ ಮುಂದಾಗಿ ಕೈ ಹಾಕುವ ಧೈರ್ಯ ಮುಖ್ಯ, ಏರುವ ಆಸೆಯಲ್ಲ.

ಕೆಲಸದ ಅರ್ಜಿಯಲ್ಲಿ ‘ಐ ಆ್ಯಮ್ ಆ್ಯಂಬಿಷಸ್’ ಎಂದು ಬರಿದೇ ಬರೆಯಬೇಡಿ. ಯಾವುದಕ್ಕೆ ಎಂಬುದು ಇಲ್ಲದಿದ್ದರೆ ಓದುವವರು ತಮಗೆ ತೋಚಿದ ಬಣ್ಣ ತುಂಬಿಕೊಳ್ಳುತ್ತಾರೆ, ‘ಇನ್ನೊಂದು ವರ್ಷಕ್ಕೆ ಬಿಟ್ಟುಹೋಗುವವರು’ ಎಂಬ ಬಣ್ಣವೂ ಅದರಲ್ಲಿ ಸೇರಿದೆ. ಏನು ಮಾಡಬೇಕೆಂದಿದ್ದೀರಿ, ಎಷ್ಟು ವರ್ಷದೊಳಗೆ, ಅದಕ್ಕಾಗಿ ಈಗಾಗಲೇ ಏನು ಮಾಡಿದ್ದೀರಿ ಎಂಬ ಮೂರನ್ನು ಒಂದೇ ವಾಕ್ಯದಲ್ಲಿ ಬರೆದರೆ ವಿಶೇಷಣದ ಅಗತ್ಯವೇ ಬೀಳುವುದಿಲ್ಲ.

ನಿಘಂಟಿನಲ್ಲಿ ನೀವೇ ನೋಡುವಾಗ

ದೊಡ್ಡ ಇಂಗ್ಲಿಷ್ ನಿಘಂಟುಗಳಲ್ಲಿ ಅರ್ಥದ ಮುಂದೆಯೋ ಕೊನೆಯಲ್ಲೋ ಆವರಣದೊಳಗೆ ಪದಮೂಲ ಇರುತ್ತದೆ. ‘ಎಂಇ’ ಎಂದರೆ ನಡುಗಾಲದ ಇಂಗ್ಲಿಷ್, ‘ಓಎಫ್’ ಹಳೆಯ ಫ್ರೆಂಚ್, ‘ಎಲ್’ ಲ್ಯಾಟಿನ್. ಎಡಕ್ಕೆ ಬಾಯಿ ಮುಚ್ಚಿದ ಕೋನದ ಗುರುತು (<) ಕಂಡರೆ ‘ಇದರಿಂದ ಬಂದದ್ದು’ ಎಂದು ಓದಿ. ಪದದ ಮುಂದೆ ನಕ್ಷತ್ರವಿದ್ದರೆ ಅದು ಬರಹದಲ್ಲಿ ಸಿಕ್ಕ ರೂಪವಲ್ಲ, ಲೆಕ್ಕ ಹಾಕಿ ಕಟ್ಟಿದ ರೂಪ. ಕೊಟ್ಟಿರುವ ಇಸವಿ ಪದ ಹುಟ್ಟಿದ ವರ್ಷವಲ್ಲ. ಉಳಿದಿರುವ ಬರಹಗಳಲ್ಲಿ ಮೊದಲು ಕಂಡ ವರ್ಷ. ಜನರ ಬಾಯಲ್ಲಿ ಅದು ಎಷ್ಟೋ ಮುಂಚೆ ಇದ್ದಿರಬಹುದು.

‘ಇರೆ’ ಒಮ್ಮೆ ಕೈಗೆ ಹತ್ತಿದರೆ ಅದೇ ಕುಲದ ಪದಗಳನ್ನು ಬಿಡಿಸಿ ಅಭ್ಯಾಸ ಮಾಡಿ. ‘ಎಕ್ಸಿಟ್’ ಹೊರಗೆ ಹೋಗುವುದು, ‘ಟ್ರಾನ್ಸಿಟ್’ ದಾಟಿ ಹೋಗುವುದು. ಕಾಯ್ದೆಯ ‘ಆ್ಯಂಬಿಟ್’ ಸುತ್ತಿದ ಗಡಿ, ಅಂದರೆ ವ್ಯಾಪ್ತಿ. ‘ಸರ್ಕ್ಯೂಟ್’ ಎಂದರೆ ವೃತ್ತದಂತೆ ಸುತ್ತಿ ಹೋಗುವುದು. ಬ್ರಿಟಿಷರ ಕಾಲದಲ್ಲಿ ಊರೂರು ಸುತ್ತುತ್ತಿದ್ದ ನ್ಯಾಯಾಧೀಶರು, ಅಧಿಕಾರಿಗಳು ತಂಗಲೆಂದು ಕಟ್ಟಿಸಿದ ಸರ್ಕ್ಯೂಟ್ ಹೌಸ್‌ಗಳು ನಮ್ಮ ಎಷ್ಟೋ ಜಿಲ್ಲಾ ಕೇಂದ್ರಗಳಲ್ಲಿ ಇನ್ನೂ ಇವೆ.